ತೂಕದ ಕೋಣೆಗೆ ಬಂದ ನೀರು

ನರ್ಸ್ ಮೂತ್ರದ ಚೀಲವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಚೀಲದ ಆಚೆಗಿದ್ದ ಕಿಟಕಿಯ ಸರಳುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

"ನಲ್ಲಿ ನೀರಿನ ಹಾಗಿದೆಯಲ್ಲ," ಎಂದರು ನನ್ನ ಅತ್ತಿಗೆ.

ನರ್ಸ್ ನಗಲಿಲ್ಲ. ಬೆಳಗಿನಿಂದ ಚೀಲ ಬದಲಾಯಿಸಿ ತನ್ನ ಕೈ ಸೋತಿದೆ, ಈ ಮನುಷ್ಯ ಬಾಯಿಂದ ಒಂದು ಹನಿ ಕುಡಿದಿಲ್ಲ, ಡ್ರಿಪ್‌ನಲ್ಲಿ ಮೇಲಿನಿಂದ ಹೋಗುವುದಕ್ಕಿಂತ ಹೆಚ್ಚು ಕೆಳಗಿನಿಂದ ಬರುತ್ತಿದೆ, ಹೀಗೇ ಬಿಟ್ಟರೆ ಒಣಮೆಣಸಿನಕಾಯಿ ಆಗಿಬಿಡುತ್ತಾರೆ ಎಂದು ಗೊಣಗಿಕೊಂಡು ಚೀಲವನ್ನು ಒಯ್ದಳು.

ಮಂಚದ ಮೇಲಿದ್ದವರು ಗುಲಗಂಜಿ ಮೇಷ್ಟ್ರು. ತಕ್ಕಡಿ ಮಾಡುವ, ಹಳೆಯ ತಕ್ಕಡಿಗಳನ್ನು ಸರಿಪಡಿಸುವ ವರ್ಕ್‌ಶಾಪಿನ ಯಜಮಾನರು. ಗುಲಗಂಜಿಯಷ್ಟು ತೂಕ ಆಚೀಚೆಯಾದರೂ ತಕ್ಕಡಿಯನ್ನು ಗಿರಾಕಿಯ ಕೈಗೆ ಕೊಡುವುದಿಲ್ಲವೆಂದು ಊರು ಇಟ್ಟ ಹೆಸರು ಅದು. ಭಾನುವಾರ ಮಧ್ಯಾಹ್ನ ವರ್ಕ್‌ಶಾಪಿನ ನೆಲದ ಮೇಲೆ ಪ್ರಜ್ಞೆಯಿಲ್ಲದೆ ಸಿಕ್ಕಿದ್ದರು. ತಲೆಯ ಹಿಂಭಾಗಕ್ಕೆ ಏಟು ಬಿದ್ದಿತ್ತು. ಶನಿವಾರ ಸಂಜೆ ಜಗಳದಲ್ಲಿ ಅಣ್ಣನನ್ನು ಗೋಡೆಗೆ ತಳ್ಳಿ ಹೊರಟುಹೋದೆ ಎಂದು ಅವರ ತಮ್ಮ ತಾನಾಗಿಯೇ ಪೊಲೀಸ್ ಸ್ಟೇಷನ್ನಿಗೆ ಹೋಗಿ ಹೇಳಿದ್ದ. ನಾಳೆ ಅವನನ್ನು ಕೋರ್ಟಿಗೆ ಕರೆದೊಯ್ಯುತ್ತಾರೆ. ಅಣ್ಣ ಬದುಕಿದರೆ ಒಂದು ಶಿಕ್ಷೆ, ಸತ್ತರೆ ಇನ್ನೊಂದು.

ಅವನ ಹೆಂಡತಿ ಮಂಚದ ಪಕ್ಕ ನಿಂತು ಭಾವನ ಬಿರಿದ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದಳು. ನಮ್ಮನ್ನು ಕರೆಸಿದವಳು ಅವಳೇ. ಅವಳ ವಾದ ಒಂದೇ ಆಗಿತ್ತು. ತಳ್ಳಿದ್ದು ನಿಜ ಇರಬಹುದು, ಆದರೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ತನ್ನನ್ನು ಕರೆಯುವ ಗಂಡ ಇನ್ನೊಬ್ಬರ ತಲೆ ಒಡೆಯುವಷ್ಟು ಬಲವಾಗಿ ತಳ್ಳಿರಲಾರ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ವಿಮಾ ಕಂಪನಿಯ ಪರವಾಗಿ ಸುಟ್ಟ ಅಂಗಡಿ, ಮುಳುಗಿದ ಲಾರಿಗಳನ್ನು ನೋಡಿ ಸತ್ಯ ಎಷ್ಟು ಸುಳ್ಳು ಎಷ್ಟು ಎಂದು ಹೇಳುವ ಕೆಲಸ ಬಿಟ್ಟು, ಸ್ವಂತ ಪತ್ತೇದಾರಿ ಕಚೇರಿ ತೆರೆದವರು. ನಾನು ಅವರ ವರದಿಗಳನ್ನು ಟೈಪ್ ಮಾಡುತ್ತೇನೆ. ಅವರು ಮಾತಾಡುವಾಗ ಎದುರಿನವರ ಮುಖ ನೋಡುತ್ತೇನೆ. ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಹೆದರುವವರಿಗೆ ಮುಖ ಓದುವುದು ತಾನಾಗಿಯೇ ಬರುತ್ತದೆ.

ಆಗ ಹಾರ್ಮೋನ್ ಡಾಕ್ಟರಮ್ಮ ಬಂದರು.

ಕುಳ್ಳಗಿನ ಹೆಂಗಸು. ಸ್ಟೂಲಿನ ಮೇಲೆ ಕೂತರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಆಸ್ಪತ್ರೆಯ ದೊಡ್ಡ ದೊಡ್ಡ ಸರ್ಜನ್‌ಗಳು ಅವರಿಗೆ ದಾರಿ ಬಿಟ್ಟು ನಿಲ್ಲುವುದನ್ನು ಕಾರಿಡಾರಿನಲ್ಲಿ ಕಂಡಿದ್ದೆ. ಈಗ ಅದು ಏಕೆಂದು ತಿಳಿಯಿತು. ಅವರು ರೋಗಿಯ ತಲೆಯನ್ನು ಕೊನೆಗೆ ನೋಡಿದರು. ಮೊದಲು ನೋಡಿದ್ದು ನಾಲಿಗೆ, ಆಮೇಲೆ ಚರ್ಮ, ಆಮೇಲೆ ನರ್ಸ್ ಒಯ್ದಿದ್ದ ಚೀಲವನ್ನು ವಾಪಸ್ ತರಿಸಿ ಅದನ್ನು.

ತಮ್ಮನ ಹೆಂಡತಿಯನ್ನು ಕೇಳಿದರು, ಇವರಿಗೆ ಸಕ್ಕರೆ ಕಾಯಿಲೆ ಇತ್ತೇ? ಇರಲಿಲ್ಲ. ರಕ್ತದಲ್ಲೂ ಸಕ್ಕರೆ ಸರಿಯಾಗಿತ್ತು. ಮೂತ್ರಪಿಂಡಗಳ ಪರೀಕ್ಷೆಯೂ ಸರಿಯಿತ್ತು. ಆದರೆ ನೀರು ಬತ್ತಿ ರಕ್ತ ಉಪ್ಪುಪ್ಪಾಗಿಹೋಗಿತ್ತು. ದೇಹ ಇಷ್ಟು ಒಣಗಿದಾಗ ಮೂತ್ರಪಿಂಡಗಳು ಒಂದೊಂದು ಹನಿಯನ್ನೂ ಜಿಪುಣನ ಹಾಗೆ ಹಿಡಿದಿಟ್ಟುಕೊಳ್ಳಬೇಕು. ಇಲ್ಲಿ ಅವು ಕೊಡಗಟ್ಟಲೆ ಹೊರಗೆ ಚೆಲ್ಲುತ್ತಿದ್ದವು.

"ಹಿಡಿದಿಡಿ ಅನ್ನೋ ಅಪ್ಪಣೆ ಅವಕ್ಕೆ ತಲುಪ್ತಾ ಇಲ್ಲ," ಎಂದರು ಡಾಕ್ಟರಮ್ಮ.

ಒಂದು ಇಂಜೆಕ್ಷನ್ ಬರೆದುಕೊಟ್ಟು, ಇನ್ನು ಮೇಲೆ ಚೀಲದ ಬಣ್ಣ ನೋಡುತ್ತಿರಬೇಕೆಂದು ನರ್ಸ್‌ಗೆ ಹೇಳಿದರು. ಚೀಲ ಹಳದಿಯಾದರೆ ತಮ್ಮ ಊಹೆ ಸರಿ. ಆಗದಿದ್ದರೆ ತಾವು ಮನೆಗೆ ಹೋಗಿ ಪುಸ್ತಕ ಮತ್ತೆ ಓದಬೇಕು.

ಅಪ್ಪಣೆ ಕೊಡುವವರು ಯಾರು ಎಂದು ಅತ್ತಿಗೆ ಕೇಳಿದರು. ಅದನ್ನು ಕೇಳಿಸಿಕೊಳ್ಳಲು ಡಾಕ್ಟರಮ್ಮ ಬಹಳ ದಿನದಿಂದ ಕಾದಿದ್ದವರಂತೆ ಸ್ಟೂಲ್ ಎಳೆದುಕೊಂಡು ಕೂತರು. ಮೊಮ್ಮಕ್ಕಳ ಫೋಟೊ ತೋರಿಸುವವರ ಮುಖದಲ್ಲಿ ಇರುತ್ತದಲ್ಲ ಅಂಥ ಬೆಳಕು.

"ಎರಡು ಕಣ್ಣಿನ ನಡುವೆ ಬೆರಳಿಟ್ಟು, ಸೀದಾ ಒಳಗೆ ಹೋಗ್ತಾ ಇದ್ದೀವಿ ಅಂದ್ಕೊಳ್ಳಿ. ತಲೆಬುರುಡೆಯ ನಡುವೆ, ಮೂಳೆಯಲ್ಲೇ ಕೆತ್ತಿಟ್ಟ ಪುಟ್ಟ ಕುರ್ಚಿ. ಅದರಲ್ಲಿ ಕೂತಿರೋದು ಪಿಟ್ಯುಟರಿ. ಕಡಲೆಕಾಳಿನಷ್ಟಿದೆ. ಇದೇ ಮೇಷ್ಟ್ರು ತೂಗಿದ್ರೆ ನಾಲ್ಕೋ ಐದೋ ಗುಲಗಂಜಿ ಅಂತಿದ್ರು."

ಆಸ್ಪತ್ರೆಯ ಪ್ರಯೋಗಾಲಯದ ತಕ್ಕಡಿಯನ್ನು ವರ್ಷಕ್ಕೊಮ್ಮೆ ಸರಿಮಾಡಿ ಕೊಡುತ್ತಿದ್ದವರು ಮೇಷ್ಟ್ರೇ ಎಂದು ಆಗ ತಿಳಿಯಿತು.

"ಮೂರ್ತಿ ಚಿಕ್ಕದು, ಕೀರ್ತಿ ದೊಡ್ಡದು," ಎಂದರು ಅತ್ತಿಗೆ.

"ಕೀರ್ತಿ ಇದರದ್ದು. ಯಜಮಾನಿಕೆ ಮೇಲಿನವಳದ್ದು."

ಮೇಲಿನವಳು ಎಂದರೆ ಹೈಪೋಥಾಲಮಸ್. ಪಿಟ್ಯುಟರಿಯ ನೆತ್ತಿಯ ಮೇಲೆ, ಮಿದುಳಿನ ತಳದಲ್ಲಿರುವ ಒಂದು ಚೂರು ಭಾಗ. ಪುಸ್ತಕಗಳೆಲ್ಲ ಪಿಟ್ಯುಟರಿಯನ್ನು ಗ್ರಂಥಿಗಳ ಒಡೆಯನೆಂದು ಹೊಗಳುತ್ತವೆ, ಆದರೆ ಅವನು ಮೇಸ್ತ್ರಿ ಅಷ್ಟೆ ಎಂದರು ಡಾಕ್ಟರಮ್ಮ. ಮೇಲಿನವಳು ರಕ್ತದ ರುಚಿ ನೋಡುತ್ತಾಳೆ, ಬಿಸಿ ನೋಡುತ್ತಾಳೆ, ಹಸಿವು, ನಿದ್ದೆ, ಭಯ ಎಲ್ಲದರ ಸುದ್ದಿ ತರಿಸಿಕೊಳ್ಳುತ್ತಾಳೆ. ಆಮೇಲೆ ಕೂದಲಿಗಿಂತ ಸಣ್ಣ ರಕ್ತನಾಳಗಳಲ್ಲಿ ಒಂದಿಷ್ಟು ರಾಸಾಯನಿಕವನ್ನು ಮೇಸ್ತ್ರಿಗೆ ಕಳಿಸುತ್ತಾಳೆ. ಮೇಸ್ತ್ರಿಯ ಮುಂಭಾಗ ಅದನ್ನು ಓದಿಕೊಂಡು ದೇಹಕ್ಕೆಲ್ಲ ಕೆಲಸ ಹಂಚುತ್ತದೆ. ಕುತ್ತಿಗೆಯ ಥೈರಾಯ್ಡ್‌ಗೆ, ನೀನು ಸ್ವಲ್ಪ ಒಲೆ ಜೋರು ಮಾಡು. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಗ್ರಂಥಿಗೆ, ಕಷ್ಟ ಬಂದಿದೆ, ಎದ್ದು ನಿಲ್ಲು. ಮಗುವಿನ ಮೂಳೆಗೆ ಬೆಳೆ ಎನ್ನುವುದು, ಬಾಣಂತಿಯ ಎದೆಯಲ್ಲಿ ಹಾಲು ಉಂಟುಮಾಡುವುದು, ಹುಡುಗಿಯನ್ನು ಹೆಂಗಸಾಗಿಸುವುದು, ಎಲ್ಲ ಅಲ್ಲಿಂದಲೇ.

"ನನಗೆ ಇಷ್ಟ ಆಗೋದು ಅಪ್ಪಣೆ ಮಾಡೋದಲ್ಲ," ಎಂದರು. "ಅಪ್ಪಣೆ ಮಾಡಿದ ಮೇಲೆ ಕಿವಿ ತೆರೆದು ಕೂತಿರ್ತಾಳೆ ನೋಡಿ, ಅದು. ಥೈರಾಯ್ಡ್ ಮಾಡಿದ್ದು ರಕ್ತದಲ್ಲಿ ಸಾಕಷ್ಟು ಆಯ್ತು ಅಂತ ಗೊತ್ತಾದ ತಕ್ಷಣ ಅಪ್ಪಣೆ ಕಮ್ಮಿ ಮಾಡ್ತಾಳೆ. ಕಮ್ಮಿ ಆಯ್ತಾ, ಮತ್ತೆ ಕೂಗ್ತಾಳೆ. ಸಾಕು ಅನ್ನೋದು ಗೊತ್ತಿರೋ ಯಜಮಾನಿ ಎಷ್ಟು ಮನೇಲಿದ್ದಾಳೆ ಹೇಳಿ."

"ನಮ್ಮತ್ತೆ ಮನೇಲಂತೂ ಇರಲಿಲ್ಲ," ಎಂದರು ಅತ್ತಿಗೆ. ಅವರ ಅತ್ತೆ ಎಂದರೆ ನನ್ನ ತಾಯಿ. ನಾನು ಕೇಳಿಸದವಳಂತೆ ಕಿಟಕಿ ನೋಡಿದೆ.

ನೀರಿನ ವಿಷಯದಲ್ಲಿ ಮಾತ್ರ ಯಜಮಾನಿ ಮೇಸ್ತ್ರಿಯನ್ನೂ ನಂಬುವುದಿಲ್ಲವಂತೆ. ನೀರು ಹಿಡಿದಿಡುವ ಹಾರ್ಮೋನನ್ನು ತಾನೇ ತಯಾರಿಸಿ, ಒಂದು ತೊಟ್ಟಿನೊಳಗಿನ ನರದ ಎಳೆಗಳಲ್ಲಿ ಕೆಳಗಿಳಿಸಿ, ಪಿಟ್ಯುಟರಿಯ ಹಿಂಭಾಗದಲ್ಲಿ ಕೂಡಿಡುತ್ತಾಳೆ. ಹಣ್ಣು ತೊಟ್ಟಿನಿಂದ ತೂಗುವ ಹಾಗೆ ಪಿಟ್ಯುಟರಿ ಆ ತೊಟ್ಟಿನಿಂದ ತೂಗುತ್ತಿದೆ. ತಲೆಗೆ ಜೋರಾಗಿ ಏಟು ಬಿದ್ದರೆ ಮಿದುಳು ಜಗ್ಗುತ್ತದೆ. ಮೂಳೆಯ ಕುರ್ಚಿಯಲ್ಲಿ ಕೂತ ಕಾಳು ಜಗ್ಗುವುದಿಲ್ಲ. ಎಳೆತ ಪೂರ್ತಿ ತೊಟ್ಟಿನ ಮೇಲೆ.

ಅವರು ಸ್ಕ್ಯಾನ್ ಚಿತ್ರವನ್ನು ಬೆಳಕಿನ ಹಲಗೆಗೆ ಸಿಕ್ಕಿಸಿದರು. ಗಡ್ಡೆ ಏನೂ ಇರಲಿಲ್ಲ. ತೊಟ್ಟು ಮಾತ್ರ ಊದಿತ್ತು. ಆ ಬೂದು ಚಿತ್ರದಲ್ಲಿ ನನಗೆ ಕಂಡದ್ದು ಒಂದು ಸಣ್ಣ ಗೀರು. ಒಬ್ಬ ಮನುಷ್ಯನ ಬಾಯಾರಿಕೆ, ಬೆವರು, ಧೈರ್ಯ ಎಲ್ಲ ಇಷ್ಟು ತೆಳ್ಳಗಿನ ದಾರಿಯಲ್ಲಿ ಇಳಿದು ಬರುತ್ತದೆಂದು ಯೋಚಿಸಿ ನನ್ನ ಕೈ ತಾನಾಗಿಯೇ ನನ್ನ ಹಣೆಗೆ ಹೋಯಿತು.

ಅತ್ತಿಗೆಗೆ ಬೇಕಿದ್ದದ್ದು ಸಮಯ. ಏಟು ಬಿದ್ದದ್ದು ಯಾವಾಗ ಎಂದು ಕೇಳಿದರು.

ತಾನು ಗಡಿಯಾರವಲ್ಲ ಎಂದರು ಡಾಕ್ಟರಮ್ಮ. ತೊಟ್ಟಿಗೆ ಪೆಟ್ಟಾದ ಮೇಲೆ ಕೆಲವರಿಗೆ ಅರ್ಧ ದಿನದಲ್ಲಿ, ಕೆಲವರಿಗೆ ಒಂದೆರಡು ದಿನದಲ್ಲಿ ನೀರು ಹರಿಯಲು ಶುರುವಾಗುತ್ತದೆ. ಹರಿದಂತೆಲ್ಲ ಯಜಮಾನಿ ಬಾಯಾರಿಕೆಯ ಗಂಟೆ ಬಾರಿಸುತ್ತಾಳೆ. ಮನುಷ್ಯ ಎಚ್ಚರವಾಗಿದ್ದು ಕೈಗೆ ನೀರು ಸಿಗುವ ತನಕ ಕುಡಿದು ಕುಡಿದು ಬಚಾವಾಗುತ್ತಾನೆ. ತಲೆಯ ಊತ ಹೆಚ್ಚಿ ಮಂಪರು ಹತ್ತಿ ಮಲಗಿದನೋ, ಆಮೇಲೆ ಕುಡಿಸುವವರಿಲ್ಲ.

"ಒಂದು ಮಾತ್ರ ಬರೆದುಕೊಡಬಲ್ಲೆ," ಎಂದರು. "ಈ ಬಾಯಾರಿಕೆ ಏಟಿನ ಹಿಂದೆ ಬರತ್ತೆ. ಏಟಿಗಿಂತ ಮುಂಚೆ ಬರೋದಿಲ್ಲ."

ಅತ್ತಿಗೆ ಎದ್ದು ನಿಂತರು. ತಮ್ಮನ ಹೆಂಡತಿಗೆ, ನೀನು ಇಲ್ಲೇ ಇರಮ್ಮ, ನಾವು ನಿನ್ನ ಭಾವನ ಬಾಯಾರಿಕೆ ಹುಡುಕಿಕೊಂಡು ಬರುತ್ತೇವೆ ಎಂದರು.

*

ವರ್ಕ್‌ಶಾಪಿನ ಮುಂದಿನ ಕೋಣೆಯಲ್ಲಿ ಗದ್ದಲದ ಕೆಲಸ. ಅರ, ಬೆಸುಗೆ, ಹಿತ್ತಾಳೆ ತಟ್ಟೆಗಳ ರಾಶಿ. ಹಿಂದಿನದು ತೂಕದ ಕೋಣೆ. ಕಿಟಕಿಯಿಲ್ಲ, ಫ್ಯಾನಿಲ್ಲ. ನಡೆದಾಡಿದರೆ ತಕ್ಕಡಿಯ ಮುಳ್ಳು ಅಲುಗಬಾರದೆಂದು ನೆಲದಿಂದ ಬೇರೆಯಾಗಿ ಕಟ್ಟಿದ ಕಂಬದ ಮೇಲೆ ಕಲ್ಲಿನ ಮೇಜು. ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಮೇಷ್ಟ್ರ ಕೈಯಲ್ಲಿ ತಯಾರಾದ ತಕ್ಕಡಿ. ನಾನು ಉಸಿರು ಬಿಗಿಹಿಡಿದು ಹತ್ತಿರ ಹೋದೆ. ಅಷ್ಟಾದರೂ ಮುಳ್ಳು ಒಮ್ಮೆ ಅತ್ತಿತ್ತ ಆಡಿ, ಯೋಚಿಸಿ, ಮತ್ತೆ ನಡುವಿಗೆ ಬಂದು ನಿಂತಿತು. ಯಾರ ಮಾತಿಗೂ ಒಲಿಯದ ವಸ್ತುವನ್ನು ಕಂಡಾಗ ಬರುವ ಗೌರವ ಬಂತು.

ಒಳಗೆ ಬಿಡುವ ಮುಂಚೆ ಹಿತ್ತಾಳೆಗೆ ಪಾಲಿಷ್ ಹಾಕುವ ಹೆಂಗಸು ನಮ್ಮನ್ನು ಬಾಗಿಲಲ್ಲೇ ತಡೆದು ಚಪ್ಪಲಿ ಬಿಡಿಸಿದ್ದಳು, ಕೈ ಒರೆಸಿಸಿದ್ದಳು. ಯಜಮಾನರು ಆಸ್ಪತ್ರೆಯಲ್ಲಿದ್ದರೂ ಅವರ ಕಟ್ಟಳೆ ಬಾಗಿಲಲ್ಲಿ ನಿಂತಿತ್ತು. ತೂಕದ ಬಟ್ಟುಗಳನ್ನು ಚಿಮಟದಲ್ಲೇ ಹಿಡಿಯಬೇಕು. ಜೋರಾಗಿ ಮಾತಾಡಬಾರದು. ಎಲ್ಲಕ್ಕಿಂತ ದೊಡ್ಡದು, ಒಳಗೆ ನೀರು ತರಬಾರದು. ನೀರಿನ ಪಸೆ ತಾಗಿದರೆ ಬಟ್ಟು ತೂಕ ಬದಲಿಸುತ್ತದೆ, ತಕ್ಕಡಿಯ ದಂಡ ಕೂರುವ ಉಕ್ಕಿನ ಅಲಗಿಗೆ ತುಕ್ಕು ಬರುತ್ತದೆ. ಒಮ್ಮೆ ತಾನು ತೊಳೆದ ಕೈಯನ್ನು ಸರಿಯಾಗಿ ಒರೆಸಿಕೊಳ್ಳದೆ ಒಳಗೆ ಕಾಲಿಟ್ಟಿದ್ದಕ್ಕೆ ಮೇಷ್ಟ್ರು ಇಡೀ ದಿನ ತನ್ನ ಹತ್ತಿರ ಮಾತಾಡಿರಲಿಲ್ಲವೆಂದಳು. ಆ ಸಿಟ್ಟು ಅವಳಲ್ಲಿ ಇನ್ನೂ ಆರಿರಲಿಲ್ಲ.

ಅತ್ತಿಗೆ ಗಾಜಿನ ಪೆಟ್ಟಿಗೆಯ ಮುಂದೆ ಬಗ್ಗಿದರು. ಒಳಗೆ ಒಂದು ಬಟ್ಟಲಿನಲ್ಲಿ ಹರಳುಗಳಿದ್ದವು. ಗುಲಾಬಿ ಬಣ್ಣ.

ಪಕ್ಕದ ಗೂಡಿನಲ್ಲಿ ಇನ್ನೊಂದು ಗಾಜಿನ ಪೆಟ್ಟಿಗೆ, ಅದರಲ್ಲೂ ಅಂಥದೇ ಬಟ್ಟಲು. ಅಲ್ಲಿನ ಹರಳುಗಳು ಗಾಢ ನೀಲಿ.

ಇದೇನು ಎಂದು ಕೇಳಿದಾಗ ಪಾಲಿಷ್ ಹೆಂಗಸಿನ ಮುಖ ಗಂಭೀರವಾಯಿತು. ಅವು ತೇವ ಹೀರುವ ಹರಳು. ಒಣಗಿದ್ದಾಗ ನೀಲಿ, ಪಸೆ ಕುಡಿದಾಗ ಗುಲಾಬಿ. ಈ ದೊಡ್ಡ ತಕ್ಕಡಿಯ ಹರಳು ಬಣ್ಣ ಬದಲಿಸಿದ್ದನ್ನು ತಾನು ಈ ಕೆಲಸಕ್ಕೆ ಸೇರಿದಾಗಿನಿಂದ ನೋಡಿಲ್ಲ.

ಕಲ್ಲಿನ ಮೇಜಿನ ಮೇಲೆ, ಪೆಟ್ಟಿಗೆಯ ಪಕ್ಕದಲ್ಲೇ, ನೀರಿನ ಜಗ್ ಇಟ್ಟು ಇಟ್ಟು ಆದ ಬಿಳಿಯ ಬಳೆಯಾಕಾರದ ಗುರುತುಗಳು. ಒಂದರ ಮೇಲೊಂದು ಹತ್ತಾರು.

"ಯಾರು ತಂದ್ರು ನೀರು?" ಅತ್ತಿಗೆಯ ದನಿ ಅತಿ ಮೆತ್ತಗಿತ್ತು.

"ಇನ್ಯಾರು? ಅವರೇ," ಎಂದಳು ಪಾಲಿಷ್ ಹೆಂಗಸು. "ನನಗೆ ಒದ್ದೆ ಕೈಗೆ ಬೈದ ಮಹಾರಾಯರು, ಶನಿವಾರ ಬೆಳಿಗ್ಗೆ ತಾವೇ ಜಗ್ ಹಿಡ್ಕೊಂಡು ಒಳಗೆ ಹೋದ್ರು. ನನಗೊಂದು ನ್ಯಾಯ, ನಿಮಗೊಂದು ನ್ಯಾಯಾನಾ ಅಂತ ಬಾಯಿತನಕ ಬಂದಿತ್ತು."

ಕೇಳಿದ್ದಳೇ?

ಕೇಳಿರಲಿಲ್ಲ. ಯಜಮಾನರ ಮುಖ ನೋಡಿ ಬಾಯಿ ಮುಚ್ಚಿಕೊಂಡಳಂತೆ. ಹಿಂದಿನ ಸಂಜೆ ಎಲ್ಲರೂ ಮನೆಗೆ ಹೊರಟು ಅವರೊಬ್ಬರೇ ಉಳಿದಾಗ ಚೆನ್ನಾಗಿಯೇ ಇದ್ದರಂತೆ. ತಲೆ ಭಾರ ಎಂದಷ್ಟೇ ಹೇಳಿ, ಟೋಪಿಯನ್ನು ಒಮ್ಮೆಯೂ ತೆಗೆಯಲಿಲ್ಲವಂತೆ. ಜಗ್ ಖಾಲಿ, ನಲ್ಲಿಗೆ ಹೋಗುವುದು, ತುಂಬಿಸುವುದು, ಬಚ್ಚಲಿಗೆ ಹೋಗುವುದು, ಮತ್ತೆ ಜಗ್ ಖಾಲಿ. ಮಧ್ಯಾಹ್ನದವರೆಗೂ ಇದೇ. ಸೋಮವಾರ ಬರುವಾಗ ಮನೆಯಿಂದ ಬಾವಿಯನ್ನೇ ಹೊತ್ತು ತರುತ್ತೇನೆ ಎಂದು ತಾನು ಅಂದಾಗಲೂ ಮೇಷ್ಟ್ರು ನಗಲಿಲ್ಲ. ಅದನ್ನು ಹೇಳುವಷ್ಟರಲ್ಲಿ ಅವಳ ಸಿಟ್ಟು ಎಲ್ಲೋ ಹೋಗಿ ಕಣ್ಣು ತುಂಬಿತ್ತು.

ಒಬ್ಬರ ಮಾತನ್ನು ಅತ್ತಿಗೆ ಯಾವತ್ತೂ ಒಂದೇ ತಟ್ಟೆಯಲ್ಲಿ ಬಿಡುವವರಲ್ಲ. ಶನಿವಾರ ಬೆಳಿಗ್ಗೆ ಯಾರಾದರೂ ಗಿರಾಕಿ ಬಂದಿದ್ದರೇ ಎಂದು ವಿಚಾರಿಸಿದರು. ಔಷಧಿ ಅಂಗಡಿಯವರು ತಮ್ಮ ಬಟ್ಟುಗಳನ್ನು ಒಯ್ಯಲು ಬಂದಿದ್ದರು. ಫೋನ್ ಮಾಡಿದಾಗ ಅವರು ತಾವಾಗಿಯೇ ಅದೇ ಮಾತು ತೆಗೆದರು. ಮಾತಿನ ನಡುವೆ ಮೂರು ಸಲ ಎದ್ದು ನೀರು ಕುಡಿದರು ಮೇಷ್ಟ್ರು, ಸಕ್ಕರೆ ಕಾಯಿಲೆ ಇರಬಹುದು, ಪರೀಕ್ಷೆ ಮಾಡಿಸಿಕೊಳ್ಳಿ ಎಂದು ನಾನೇ ಹೇಳಿದೆ ಎಂದರು.

ಫೋನ್ ಇಟ್ಟ ಅತ್ತಿಗೆ ಗುಲಾಬಿ ಹರಳುಗಳನ್ನೇ ನೋಡುತ್ತ ನಿಂತರು.

ಈ ಕೋಣೆಗೆ ನೀರು ತರಬಾರದೆಂದು ನಿಯಮ ಮಾಡಿದ ಮನುಷ್ಯ ತನ್ನ ಕೈಯಾರೆ ನೀರು ತಂದು ತನ್ನ ತಕ್ಕಡಿಯನ್ನು ಕೆಡಿಸಿದ್ದ. ಜೀವಮಾನದ ಶಿಸ್ತನ್ನು ಮುರಿಯುವಷ್ಟು ದೊಡ್ಡ ಬಾಯಾರಿಕೆ. ಅದು ಜಗಳದ ಸಂಜೆಗಿಂತ ಮುಂಚೆ, ಬೆಳಿಗ್ಗೆಯೇ ಬಂದಿತ್ತು.

"ಶನಿವಾರ ಬೆಳಿಗ್ಗೆಗೇ ಬಾಯಾರಿಕೆ ಅಂದ್ರೆ, ಏಟು ಶುಕ್ರವಾರದ್ದು," ಎಂದೆ ನಾನು. ನನ್ನ ದನಿ ನನಗೇ ಜೋರಾಗಿ ಕೇಳಿತು. ಮುಳ್ಳು ಅಲುಗಿತು.

ಅತ್ತಿಗೆ ತಲೆಯಾಡಿಸಿದರು. ತಳ್ಳಿದಾಗ ತಮ್ಮನ ಕೈಗೆ ಸಿಕ್ಕಿದ್ದು ಆಗಲೇ ಅರ್ಧ ಬಿದ್ದಿದ್ದ ಮನುಷ್ಯ ಎಂದರು.

ಆಟೋ ಹತ್ತುವಾಗ ಆಸ್ಪತ್ರೆಯಿಂದ ಫೋನ್ ಬಂತು. ಆ ಕಡೆ ನರ್ಸ್. ಚೀಲ ಹಳದಿಯಾಗಿದೆ, ಚೆನ್ನಾದ ಗಟ್ಟಿ ಹಳದಿ, ಡಾಕ್ಟರಮ್ಮ ಬಂದು ನೋಡಿ ಇಡೀ ವಾರ್ಡಿಗೆ ತೋರಿಸುತ್ತಿದ್ದಾರೆ ಎಂದಳು. ಚಿನ್ನ ಸಿಕ್ಕವರ ದನಿ. ನಾಲ್ಕೈದು ಗುಲಗಂಜಿಯ ಕಾಳು ಮಾಡದ ಕೆಲಸವನ್ನು ಒಂದು ಸೂಜಿಮೊನೆಯ ಔಷಧ ಮಾಡಿತ್ತು. ಮೂತ್ರಪಿಂಡಗಳಿಗೆ ಅಪ್ಪಣೆ ತಲುಪಿತ್ತು. ಡಾಕ್ಟರಮ್ಮನ ಊಹೆ ಸರಿಯಾಗಿತ್ತು. ಅವರು ತಮ್ಮ ಮಾತನ್ನು ಬರೆದು ಸಹಿ ಹಾಕಿ, ತಮ್ಮನ ಹೆಂಡತಿಯ ಕೈಯಲ್ಲೇ ಸ್ಟೇಷನ್ನಿಗೆ ಕಳಿಸಿದ್ದರು.

*

ಇನ್ಸ್‌ಪೆಕ್ಟರ್ ಒಳ್ಳೆಯವರೇ, ಆದರೆ ದಣಿದವರು. ಒಪ್ಪಿಕೊಂಡ ಆರೋಪಿ ಸಿಕ್ಕ ಮೇಲೆ ಇನ್ನೊಬ್ಬನನ್ನು ಹುಡುಕಲು ಯಾರಿಗೆ ಉತ್ಸಾಹ ಇರುತ್ತದೆ? ಆದರೂ ಡಾಕ್ಟರಮ್ಮನ ಕಾಗದವನ್ನು ಎರಡು ಸಲ ಓದಿದರು. ಸಕ್ಕರೆ ಕಾಯಿಲೆಯವರೂ ನೀರು ಕುಡಿಯುತ್ತಾರಲ್ಲ ಎಂದರು. ಸಕ್ಕರೆ ಇಲ್ಲ ಎಂದರು ಅತ್ತಿಗೆ. ಸೆಖೆಗೆ ಕುಡಿದಿರಬಹುದು ಎಂದರು. ಸೆಖೆಗೆ ಕುಡಿದವನ ಮೂತ್ರ ಈ ಇಂಜೆಕ್ಷನ್ನಿಗೆ ಕಾದು ಹಳದಿಯಾಗುವುದಿಲ್ಲ ಎಂದರು ಅತ್ತಿಗೆ. ಇನ್ಸ್‌ಪೆಕ್ಟರ್ ಕಾಗದವನ್ನು ಮೇಜಿನ ಮೇಲಿಟ್ಟು, ಅದಕ್ಕೊಂದು ನಮಸ್ಕಾರ ಮಾಡುವವರಂತೆ ಕನ್ನಡಕ ತೆಗೆದರು.

"ಕಡಲೆಕಾಳಿನಷ್ಟು ಸಾಕ್ಷಿ," ಎಂದರು. "ನನ್ನ ಸರ್ವಿಸ್ಸಲ್ಲಿ ಇಷ್ಟು ಗಟ್ಟಿ ಸಾಕ್ಷಿ ನೋಡಿಲ್ಲ ಮೇಡಂ."

ತಮ್ಮನನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದರು. ಎರಡು ದಿನ ನಿದ್ದೆ ಕಂಡಿರದ ಮುಖ. ಹೆಂಡತಿ ಎದುರಿನ ಕುರ್ಚಿಯಲ್ಲಿ ಕೂತಳು. ಅಣ್ಣ ಹೇಗಿದ್ದಾನೆ ಎಂದು ಅವನು ಅವಳನ್ನು ಕಣ್ಣಲ್ಲೇ ಕೇಳಿದ. ಅವಳೂ ಕಣ್ಣಲ್ಲೇ, ಇದ್ದಾರೆ ಎಂದಳು.

ಅತ್ತಿಗೆ ಅವನಿಗೆ ಬಾಯಾರಿಕೆಯ ಕಥೆಯನ್ನು ಮೊದಲಿನಿಂದ ಹೇಳಿದರು. ಹೈಪೋಥಾಲಮಸ್ ಎಂಬ ಹೆಸರನ್ನು ಹೇಳದೆ, ಯಜಮಾನಿ, ಮೇಸ್ತ್ರಿ, ತೊಟ್ಟು ಎಂದೇ ಹೇಳಿದರು. ಅವನು ತಕ್ಕಡಿ ಮಾಡುವ ಮನೆಯವನು, ಬೇಗ ಅರ್ಥಮಾಡಿಕೊಂಡ. ಜಗ್ಗಿನ ವಿಷಯ ಬಂದಾಗ ತಲೆಯೆತ್ತಿದ.

"ಅಣ್ಣ ತೂಕದ ಕೋಣೆಗೆ ನೀರು ತಂದಿದ್ನಾ?"

ತಂದಿದ್ದರು ಎಂದರು ಅತ್ತಿಗೆ. ನೀವು ಸಂಜೆ ಬಂದು ಜಗಳ ಆಡುವುದಕ್ಕಿಂತ ಬಹಳ ಮೊದಲೇ.

"ಹಾಗಾದ್ರೆ ನನ್ನ ಕೈಯಿಂದ ಅಲ್ಲ."

"ನಿಮ್ಮ ಕೈಯಿಂದ ಅಲ್ಲ."

ಅವನು ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡ. ಯಾರೋ ಇಷ್ಟು ದಿನ ಇಸಕೊಂಡು ಇಟ್ಟುಕೊಂಡಿದ್ದನ್ನು ಈಗ ವಾಪಸ್ ಕೊಟ್ಟ ಹಾಗೆ. ಆಮೇಲೆ ಮುಖ ಮುಚ್ಚಿಕೊಂಡು ಅತ್ತ. ಇನ್ಸ್‌ಪೆಕ್ಟರ್ ಗೋಡೆ ನೋಡಿದರು. ಈ ಪ್ರಕರಣ ಇಲ್ಲಿಗೆ ಮುಗಿಯಿತು, ಉಳಿದದ್ದನ್ನು ಪೊಲೀಸರು ನೋಡಿಕೊಳ್ಳುತ್ತಾರೆ ಎಂದು ನಾನು ಆಗ ನಿಜವಾಗಿಯೂ ಅಂದುಕೊಂಡೆ.

ಅತ್ತಿಗೆ ಮುಂದುವರಿಸಿದರು. "ಏಟು ಬಿದ್ದಿದ್ದು ಶುಕ್ರವಾರ. ನೀವೆಲ್ಲ ಮನೆಗೆ ಹೋದ ಮೇಲೆ ಸಂಜೆ ಅಣ್ಣ ಒಬ್ಬರೇ ಇದ್ರಲ್ಲ, ಆಗ."

ಅವನ ಅಳು ನಿಂತಿತು.

ಕಡಿಮೆಯಾಗಿ ನಿಲ್ಲಲಿಲ್ಲ. ನಲ್ಲಿ ತಿರುಗಿಸಿದಂತೆ ನಿಂತಿತು. ಅವನು ಮುಖದಿಂದ ಕೈ ತೆಗೆದು ನಮ್ಮನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದ. ಅವಳು ಆಗಲೇ ಅವನನ್ನು ನೋಡುತ್ತಿದ್ದಳು. ಇಬ್ಬರ ಮುಖದಲ್ಲೂ ಒಂದೇ ಯೋಚನೆ ಒಂದೇ ಹೊತ್ತಿಗೆ ಬಂದು ಕೂತಿತು. ಅದು ನೋಡಲು ಚೆನ್ನಾಗಿರಲಿಲ್ಲ.

"ಆ ಪಾಲಿಷ್ ಹೆಂಗಸು ಸುಳ್ಳು ಹೇಳ್ತಾಳೆ," ಎಂದ ತಮ್ಮ.

ಔಷಧಿ ಅಂಗಡಿಯವರೂ ಹೇಳಿದ್ದಾರೆ ಎಂದರು ಅತ್ತಿಗೆ.

"ಅವರಿಗೆ ದಿನ ಮರೆತಿರಬೇಕು. ಶನಿವಾರ ಬೆಳಿಗ್ಗೆ ನಾನೂ ಅಲ್ಲೇ ಇದ್ದೆ. ಅಣ್ಣ ನೀರು ಮುಟ್ಟಲಿಲ್ಲ."

ಶನಿವಾರ ಬೆಳಿಗ್ಗೆ ಅವನು ಪೇಟೆಗೆ ಹಿತ್ತಾಳೆ ಖರೀದಿಗೆ ಹೋಗಿದ್ದನೆಂದು ಅವನದೇ ಹೇಳಿಕೆಯಲ್ಲಿತ್ತು. ಇನ್ಸ್‌ಪೆಕ್ಟರ್ ಅದನ್ನು ನೆನಪಿಸಿದರು. ಆ ಹೇಳಿಕೆ ತಪ್ಪು, ಬದಲಾಯಿಸಿಕೊಳ್ಳಿ ಎಂದ. ತಳ್ಳಿದ್ದು ನಾನೇ. ಜೋರಾಗಿಯೇ ತಳ್ಳಿದೆ. ತಲೆ ಗೋಡೆಗೆ ಬಡಿದ ಸದ್ದು ಕೇಳಿಸಿತು. ಈ ಮಾತನ್ನು ಅವನು ಮೊದಲು ಯಾವತ್ತೂ ಹೇಳಿರಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರನ್ನು ಅತ್ತಿಗೆಯ ಜೊತೆಗೆ ಓಡಾಡಿ ಬೇಕಾದಷ್ಟು ಕಂಡಿದ್ದೇನೆ. ಕಳ್ಳ ನೀನಲ್ಲ ಎಂದಮೇಲೆ ಬೂದಿ ಹುಡುಕಿ ತಂದು ಹೆಗಲಿಗೆ ಬಳಿದುಕೊಳ್ಳುವವನನ್ನು ನೋಡಿದ್ದು ಅವತ್ತೇ.

ಅತ್ತಿಗೆ ದನಿ ಏರಿಸಲಿಲ್ಲ. ಅವರು ದನಿ ಏರಿಸಿದ್ದನ್ನು ನಾನು ಮನೆಯಲ್ಲಿ ಕೇಳಿದ್ದೇನೆ, ಕೆಲಸದಲ್ಲಿ ಎಂದೂ ಇಲ್ಲ.

"ಎರಡು ದಿನದಿಂದ ನಿಮಗೆ ನಿಮ್ಮ ಮೇಲೇ ಅನುಮಾನ ಇತ್ತು. ಅದು ನಿಜವಾದ ಸಂಕಟ, ನನಗೆ ಕಾಣ್ತಿತ್ತು. ಈಗ ಹೇಳ್ತಿರೋದು ಸಂಕಟ ಅಲ್ಲ, ಸುಳ್ಳು. ಯಾರನ್ನ ಉಳಿಸ್ತಾ ಇದ್ದೀರಿ?"

ಪಕ್ಕದ ಕೋಣೆಯಲ್ಲಿ ವೈರ್‌ಲೆಸ್ ಕರಕರ ಎನ್ನುತ್ತಿತ್ತು. ನನ್ನ ಎದೆ ಬಡಿತ ಏರಿದ್ದು ನನಗೇ ತಿಳಿಯಿತು. ಅಂಗೈ ಬೆವತಿತ್ತು, ಬಾಯಿ ಒಣಗಿತ್ತು. ನನ್ನ ತಲೆಯ ನಡುವೆ ಕೂತ ಯಜಮಾನಿಗೂ ಸುದ್ದಿ ಮುಟ್ಟಿರಬೇಕು.

ಹೆಂಡತಿ ಕೈಚೀಲವನ್ನು ಮಡಿಲಿನಿಂದ ತೆಗೆದು ನೆಲದ ಮೇಲಿಟ್ಟಳು.

"ಶುಕ್ರವಾರ ಸಂಜೆ ನಾನು ವರ್ಕ್‌ಶಾಪಿಗೆ ಹೋಗಿದ್ದೆ," ಎಂದಳು.

"ಸುಮ್ನಿರು," ಎಂದ ಗಂಡ.

"ಭಾವನ ಕನ್ನಡಕ ರಿಪೇರಿ ಆಗಿ ಬಂದಿತ್ತು. ಕೊಟ್ಟು ಹೋಗೋಣ ಅಂತ. ಬಾಗಿಲು ಒಳಗಿಂದ ಹಾಕಿತ್ತು, ತಟ್ಟಿದೆ." ಅವಳು ಅತ್ತಿಗೆಯನ್ನು ನೋಡುತ್ತ, ಒಂದೊಂದು ಮಾತನ್ನೂ ನೆಲ ಗಟ್ಟಿಯಿದೆಯೇ ಎಂದು ಪರೀಕ್ಷಿಸಿ ಕಾಲಿಡುವವಳ ಹಾಗೆ ಹೇಳಿದಳು. "ಚಿಲಕ ತೆಗೆದದ್ದು ಭಾವ ಅಲ್ಲ. ನಮ್ಮಿಬ್ಬರಿಗೂ ಬೇಕಾದವರು. ಅರ್ಧ ಬಾಗಿಲು ತೆಗೆದು ಕನ್ನಡಕ ಇಸ್ಕೊಂಡ್ರು. ಮೇಷ್ಟ್ರು ಮಲಗಿದ್ದಾರೆ, ಎಬ್ಬಿಸೋದು ಬೇಡ ಅಂದ್ರು."

ಅವಳು ಗಂಡನ ಕಡೆ ಕೈ ತೋರಿಸಿದಳು.

"ಮನೆಗೆ ಬಂದು ಇವರಿಗೆ ಹೇಳ್ದೆ. ಭಾವ ಕೆಲಸದ ಜಾಗದಲ್ಲಿ ಮಲಗೋದುಂಟಾ ಅಂತ ಇಬ್ಬರೂ ನಕ್ಕುಬಿಟ್ವಿ."

ಇನ್ಸ್‌ಪೆಕ್ಟರ್ ಪೆನ್ನು ತೆಗೆದರು. ಯಾರು ಬಾಗಿಲು ತೆಗೆದವರು ಎಂದು ಕೇಳಿದರು.

ತಮ್ಮ ಬೆಂಚಿನಿಂದ ಎದ್ದು ನಿಂತ. ಪೇದೆ ಅವನ ತೋಳು ಹಿಡಿದ. ಬಿಡಿಸಿಕೊಳ್ಳುವ ಯತ್ನವನ್ನೂ ಅವನು ಮಾಡಲಿಲ್ಲ.

"ಆ ಹೆಸರು ನಿನ್ನ ಬಾಯಲ್ಲಿ ಬಂದ್ರೆ," ಎಂದ ಹೆಂಡತಿಗೆ, "ನಾನು ಇಲ್ಲಿಂದ ಹೊರಗೆ ಬರೋದಿಲ್ಲ. ನಾನೇ ಮಾಡಿದ್ದು ಅಂತ ನಾಳೆ ಜಡ್ಜ್ ಮುಂದೇನೂ ಹೇಳ್ತೀನಿ. ನಿನಗೆ ನಾನು ಬೇಕಾ, ಸತ್ಯ ಬೇಕಾ?"

ಅವಳು ಅವನ ಕಡೆ ತಿರುಗಿದಳು. ಅಂಗಿಯ ಕಾಲರು ಮಡಿಸಿಕೊಂಡಿದ್ದದ್ದು ಕಣ್ಣಿಗೆ ಬಿತ್ತೇನೋ, ಎದ್ದು ಹೋಗಿ ಅದನ್ನು ಸರಿಮಾಡಿದಳು. ಅವನು ಕಣ್ಣು ಮುಚ್ಚಿದ.

ಆಮೇಲೆ ತನ್ನ ಕುರ್ಚಿಯನ್ನು ಎಳೆದು, ಗಂಡನಿಗೆ ಬೆನ್ನಾಗಿ, ಇನ್ಸ್‌ಪೆಕ್ಟರ್ ಮೇಜಿನ ಮುಂದೆ ಹಾಕಿಕೊಂಡು ಕೂತಳು.

"ಬರ್ಕೊಳ್ಳಿ ಸಾರ್," ಎಂದಳು.